ನಮ್ಮ ಮೈಯೇ ಅವರ ಪಾಠಶಾಲೆ

(ಮಿಲ್ ಕಾರ್ಮಿಕರೂ ಸಣ್ಣ ವರ್ತಕರೂ ಕೂಡಿ ನಡೆಸಿದ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣ ಪಾಠ)

ಇವತ್ತು ನಾವು ಮಾತಾಡಲು ನಿಂತಿರುವ ವಿಷಯ ಕೂಲಿಯದಲ್ಲ, ಬೋನಸ್ಸಿನದಲ್ಲ, ತೆರಿಗೆಯದೂ ಅಲ್ಲ. ಡಾಕ್ಟರಾಗುವವರು, ನರ್ಸಾಗುವವರು, ರಕ್ತ ಪರೀಕ್ಷೆ ಮಾಡುವವರು ಆಸ್ಪತ್ರೆಯಲ್ಲಿ ರೋಗಿಯ ಮಗ್ಗುಲಲ್ಲಿ ನಿಂತು ಕೆಲಸ ಕಲಿಯುತ್ತಾರಲ್ಲ, ಆ ಕಲಿಕೆಯ ವಿಷಯ. ಆ ಕಲಿಕೆಯ ಮೇಲೆ ಸರಕಾರ ಹಾಕಿರುವ ಕಟ್ಟುಕಟ್ಟಳೆಯ ವಿಷಯ. "ಅದು ಓದಿದವರ ವ್ಯವಹಾರ, ಅದರಿಂದ ನಮಗೇನು?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಉತ್ತರವಾಗಿ ಮೊದಲು ಒಂದು ಸಂಗತಿ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಎರಡನೆಯ ಪಾಳಿಯ ಹೊತ್ತಿನಲ್ಲಿ ನೂಲುವ ಖಾತೆಯ ಒಬ್ಬ ಸಂಗಾತಿಯ ಅಂಗೈ ಯಂತ್ರದ ತಗಡಿನ ಅಂಚಿಗೆ ಸಿಕ್ಕಿ ಸೀಳಿತು. ಟವೆಲು ಸುತ್ತಿ ಆಸ್ಪತ್ರೆಗೆ ಒಯ್ದೆವು. ರಾತ್ರಿ ಹನ್ನೊಂದು ದಾಟಿತ್ತು. ಅಲ್ಲಿ ಇದ್ದವನು ಒಬ್ಬನೇ ಹೌಸ್‌ಸರ್ಜನ್. ಮೀಸೆ ಸರಿಯಾಗಿ ಬಲಿಯದ ಹುಡುಗ. ಹಿಂದಿನ ದಿನ ಬೆಳಗ್ಗೆ ಡ್ಯೂಟಿಗೆ ಬಂದವನು ಇನ್ನೂ ಮನೆ ಕಂಡಿರಲಿಲ್ಲ. ದೊಡ್ಡ ಡಾಕ್ಟರಿಗೆ ಎರಡು ಸಲ ಫೋನು ಮಾಡಿದ. ಅವರು ಬರಲಿಲ್ಲ. ಕೊನೆಗೆ ತಾನೇ ಹೊಲಿಗೆ ಹಾಕಲು ಕೂತ. "ಸ್ವಲ್ಪ ತಡ್ಕೊಳ್ಳಿ ಅಣ್ಣ, ಆಯ್ತು, ಈಗ ಆಯ್ತು" ಎನ್ನುತ್ತಲೇ ಇದ್ದ. ಕೈ ನಡುಗುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು.

ಗಾಯ ಮಾಯಿತು. ಆದರೆ ಎರಡು ಬೆರಳು ಮಡಿಸಲಾಗದೆ ಹಾಗೆಯೇ ಸೆಟೆದು ನಿಂತವು. ಬೆರಳನ್ನು ಎಳೆಯುವ ಒಳಗಿನ ಹುರಿ ಕಡಿದಿದ್ದನ್ನು ಆ ರಾತ್ರಿ ನೋಡಿರಲಿಲ್ಲ, ಮೇಲಿನ ಚರ್ಮವನ್ನಷ್ಟೇ ಕೂಡಿಸಿದ್ದರು ಎಂದು ಮೂರು ತಿಂಗಳ ಮೇಲೆ ಬೇರೆ ಊರಿನ ಡಾಕ್ಟರು ಹೇಳಿದರು. ಕಡಿದ ಎಳೆಯನ್ನು ಕೂಡಿಸಿ ಅನ್ನ ತಿನ್ನುತ್ತಿದ್ದ ಮನುಷ್ಯನ ಕೈಯೊಳಗಿನ ಎಳೆಯನ್ನು ಕೂಡಿಸುವವರು ಆ ರಾತ್ರಿ ಇರಲಿಲ್ಲ. ಈಗ ಅವನು ಗೇಟಿನ ಕಾವಲುಗಾರ. ಸಂಬಳ ಮೊದಲಿಗಿಂತ ಕಡಿಮೆ.

ಆ ಹುಡುಗನ ಮೇಲೆ ನಮಗೆ ಅಂದೂ ಸಿಟ್ಟು ಬರಲಿಲ್ಲ, ಇಂದೂ ಇಲ್ಲ. ಅವನನ್ನು ಒಂಟಿಯಾಗಿ ಬಿಟ್ಟವರು ಯಾರು? ಈ ಪ್ರಶ್ನೆಯನ್ನೇ ಇವತ್ತು ನಿಮ್ಮ ಮುಂದೆ ಇಡಲು ಬಂದಿದ್ದೇವೆ.

ಕಲಿಕೆ ಬೇಕು, ಒಂಟಿತನ ಬೇಡ

ಪುಸ್ತಕ ಓದಿ ಯಾರೂ ಡಾಕ್ಟರಾಗುವುದಿಲ್ಲ. ಮೊದಲ ಸೂಜಿಯನ್ನು ಯಾರಿಗಾದರೂ ಚುಚ್ಚಲೇಬೇಕು, ಮೊದಲ ಹೆರಿಗೆಯನ್ನು ಯಾರದಾದರೂ ಮಾಡಿಸಲೇಬೇಕು. ಇದಕ್ಕೆ ನಮ್ಮ ಅಡ್ಡಿಯಿಲ್ಲ. ಹೊಸಬರು ಕಲಿಯದಿದ್ದರೆ ನಾಳೆ ನಮ್ಮ ಮಕ್ಕಳಿಗೆ ಡಾಕ್ಟರು ಸಿಗುವುದಿಲ್ಲ.

ಆದರೆ ಮಿಲ್ಲಿನಲ್ಲಿ ಹೊಸಬ ಬಂದರೆ ನಾವೇನು ಮಾಡುತ್ತೇವೆ? ಮೊದಲ ದಿನವೇ ಅವನನ್ನು ಒಂಟಿಯಾಗಿ ಯಂತ್ರದ ಮುಂದೆ ಬಿಡುತ್ತೇವೆಯೆ? ಜಾಬರು ಪಕ್ಕದಲ್ಲಿ ನಿಲ್ಲುತ್ತಾನೆ. ಕೈ ಪಳಗಿದ ಮೇಲೆ ಅವನದೇ ಯಂತ್ರ. ಹತ್ತಿಯ ಎಳೆಗೆ ಇರುವ ಈ ಮರ್ಯಾದೆ ಮನುಷ್ಯನ ಮೈಗೆ ಬೇಡವೆ?

ಇನ್ನೊಂದು ಮಾತು. ಕಲಿಯುವ ಕೈ ಯಾರ ಮೈಮೇಲೆ ಬೀಳುತ್ತದೆ? ದುಡ್ಡಿದ್ದವರು ಸ್ಪೆಷಲ್ ವಾರ್ಡಿಗೆ ಹೋಗುತ್ತಾರೆ. "ದೊಡ್ಡ ಡಾಕ್ಟರೇ ಬರಬೇಕು" ಎನ್ನುತ್ತಾರೆ, ದೊಡ್ಡ ಡಾಕ್ಟರೇ ಬರುತ್ತಾರೆ. ವಿದ್ಯಾರ್ಥಿಗಳ ಗುಂಪು ಸುತ್ತುವರಿಯುವುದು ಜನರಲ್ ವಾರ್ಡಿನ ಮಂಚವನ್ನು. ಅಲ್ಲಿ ಮಲಗಿರುವವರು ನಾವು, ಹಮಾಲರು, ಕೂಲಿಯ ಹೆಂಗಸರು, ಹಳ್ಳಿಯಿಂದ ಬಸ್ಸಿನಲ್ಲಿ ಬಂದ ರೈತರು. ಸಣ್ಣ ಅಂಗಡಿಯವರ ಪಾಡೂ ಬೇರೆಯಲ್ಲ. ಅವರಿಗೆ ಇ.ಎಸ್.ಐ. ಕೂಡ ಇಲ್ಲ. ಗಂಟು ಕರಗಿದ ಮೇಲೆ ಅವರೂ ಬಂದು ಸೇರುವುದು ಅದೇ ವಾರ್ಡಿಗೆ. ಈ ದೇಶದ ವೈದ್ಯವಿದ್ಯೆಗೆ ಬಡವರ ಮೈಯೇ ಪಾಠಶಾಲೆ. ಕಟ್ಟಡದಲ್ಲಿ ಶಾಲೆ ನಡೆಸಿದರೆ ಬಾಡಿಗೆ ಕೊಡುತ್ತಾರೆ. ನಮ್ಮ ಮೈಯಲ್ಲಿ ಶಾಲೆ ನಡೆಸುವವರಿಂದ ನಾವು ಬಾಡಿಗೆ ಕೇಳುತ್ತಿಲ್ಲ, ನಿಯಮ ಕೇಳುತ್ತಿದ್ದೇವೆ.

ನಿಯಮ ಹುಟ್ಟಿದ ಬಗೆ

ಹಿಂದೆ ಅಮೆರಿಕದಲ್ಲಿ ವೈದ್ಯಶಾಲೆಗಳೆಂದರೆ ಬಹುಮಟ್ಟಿಗೆ ವ್ಯಾಪಾರ. ನಾಲ್ಕು ಮಂದಿ ಕೂಡಿ ಒಂದು ಮನೆ ಹಿಡಿದು, ಫೀ ವಸೂಲು ಮಾಡಿ, ಉಪನ್ಯಾಸ ಓದಿ, ಡಿಪ್ಲೊಮ ಕೊಡುತ್ತಿದ್ದರು. ರೋಗಿಯ ಮೈ ಮುಟ್ಟದೆಯೇ ಡಾಕ್ಟರಾದವರಿದ್ದರು. ಅಬ್ರಹಾಂ ಫ್ಲೆಕ್ಸ್ನರ್ ಎಂಬ ಶಿಕ್ಷಣ ತಜ್ಞರು ಅಮೆರಿಕ ಮತ್ತು ಕೆನಡಾದ 155 ವೈದ್ಯಶಾಲೆಗಳನ್ನು ಸುತ್ತಿ ನೋಡಿ 1910ರಲ್ಲಿ ವರದಿ ಕೊಟ್ಟರು. ಆಸ್ಪತ್ರೆಯಿಲ್ಲದ ಶಾಲೆ ಶಾಲೆಯೇ ಅಲ್ಲ ಎಂಬ ಭಾವನೆ ಆ ಮೇಲೆ ಬಲವಾಯಿತು. ಅನೇಕ ಅಂಗಡಿ-ಶಾಲೆಗಳು ಮುಚ್ಚಿದವು. ಒಳ್ಳೆಯದೇ ಆಯಿತು.

ಆದರೆ ಅದೇ ಹೊಡೆತದಲ್ಲಿ ಅಲ್ಲಿಯ ನೀಗ್ರೋ ಜನರಿಗೆ ಇದ್ದ ಏಳು ವೈದ್ಯಶಾಲೆಗಳಲ್ಲಿ ಐದು ಮುಚ್ಚಿ, ಎರಡೇ ಉಳಿದವು. ಬಿಳಿಯರ ಶಾಲೆಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನಿಯಮವೆಂಬುದು ಎರಡು ಅಲಗಿನ ಕತ್ತಿ. ಮಟ್ಟ ಏರಿಸುತ್ತೇವೆಂದು ಬಡವನ ಮಗನಿಗೆ ಬಾಗಿಲು ಹಾಕುವುದೂ ಅದೇ ಕತ್ತಿಯಿಂದಲೇ ಆಗುತ್ತದೆ.

ನಮ್ಮ ದೇಶದ ಕಥೆಯೂ ಅದೇ. 1943ರಲ್ಲಿ ನೇಮಿಸಿದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಅಂದು ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ಡಾಕ್ಟರು ಸುಮಾರು 47,500. ನರ್ಸುಗಳು ಬರೀ 7,000. ಅಂದರೆ 43,000 ಜನರಿಗೆ ಒಬ್ಬ ನರ್ಸು. ಆ ಡಾಕ್ಟರುಗಳಲ್ಲಿ ಸುಮಾರು 30,000 ಮಂದಿ ಹಳ್ಳಿ-ಪೇಟೆಗಳಿಗೆ ಪರಿಚಿತರಾದ ಎಲ್.ಎಂ.ಪಿ.ಗಳು, ಕಡಿಮೆ ವರ್ಷ ಓದಿ ಬಂದವರು. ಇನ್ನು ಮೇಲೆ ಒಂದೇ ತರಗತಿಯ ಡಾಕ್ಟರು ಸಾಕು, ಎಲ್.ಎಂ.ಪಿ. ಬೇಡ ಎಂದು ಸಮಿತಿ ಹೇಳಿತು. ಸಮಿತಿಯ ಕೆಲವು ಸದಸ್ಯರೇ ಇದನ್ನು ಒಪ್ಪಲಿಲ್ಲ. ಮಟ್ಟ ಏರಿತೆನ್ನೋಣ. ಎಲ್.ಎಂ.ಪಿ. ಡಾಕ್ಟರು ಎದ್ದುಹೋದ ಹಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಡಾಕ್ಟರು ಬಂದು ಕೂತರೆ? ನೀವೇ ಹೇಳಿ.

ಅದೇ ಸಮಿತಿ ಇನ್ನೊಂದು ಮಾತನ್ನೂ ಹೇಳಿತ್ತು. ಡಾಕ್ಟರಾಗುವವನು ಮೂರು ತಿಂಗಳು ಸಾಮಾಜಿಕ ವೈದ್ಯದ ತರಬೇತಿ ಪಡೆಯಬೇಕು, ಜನರ ನಡುವೆ ನಿಂತು ರೋಗದ ಬೇರು ಹುಡುಕುವ ಸಾಮಾಜಿಕ ವೈದ್ಯನಾಗಬೇಕು ಎಂದಿತ್ತು. 1977ರಲ್ಲಿ ಪ್ರತಿ ವೈದ್ಯಕೀಯ ಕಾಲೇಜೂ ಮೂರು ಬ್ಲಾಕುಗಳ ಜನರ ಆರೋಗ್ಯದ ಹೊಣೆ ಹೊರಬೇಕೆಂಬ ಯೋಜನೆಯೂ ಬಂತು. ಇಂಥ ಮಾತುಗಳಿಗೆ ಕಾಗದದಲ್ಲಿ ಎಂದೂ ಬರವಿಲ್ಲ.

ಕಾಯ್ದೆಗಳಿಗೂ ಬರವಿಲ್ಲ. ವೈದ್ಯಕೀಯ ಕೌನ್ಸಿಲಿನ ಕಾಯ್ದೆ 1933ರಲ್ಲಿ ಬಂತು, 1956ರಲ್ಲಿ ಹೊಸದಾಯಿತು. ನರ್ಸಿಂಗ್ ಕೌನ್ಸಿಲಿನದು 1947ರದು, ಫಾರ್ಮಸಿಯದು 1948ರದು. 2019ರಲ್ಲಿ ಹಳೆಯ ವೈದ್ಯಕೀಯ ಕೌನ್ಸಿಲನ್ನು ತೆಗೆದು ರಾಷ್ಟ್ರೀಯ ವೈದ್ಯಕೀಯ ಆಯೋಗ ತರುವ ಕಾಯ್ದೆ ಆಯಿತು. 2020ರ ಸೆಪ್ಟೆಂಬರಿನಲ್ಲಿ ಆಯೋಗ ಕೆಲಸಕ್ಕೆ ಕೂತಿತು. ಲ್ಯಾಬ್ ಟೆಕ್ನಿಶಿಯನ್, ಎಕ್ಸ್‌ರೇ ತೆಗೆಯುವವರು, ಫಿಸಿಯೋಥೆರಪಿಯವರು ಮೊದಲಾದ ಐವತ್ತಕ್ಕೂ ಮಿಕ್ಕಿದ ಕಸುಬುಗಳಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬರಲು 2021ರ ವರೆಗೆ ಕಾಯಬೇಕಾಯಿತು. ರಕ್ತ ತೆಗೆದು ಸಕ್ಕರೆ ಎಷ್ಟು, ಮಲೇರಿಯ ಉಂಟೋ ಇಲ್ಲವೋ ಎಂದು ಹೇಳುವವರ ಕಲಿಕೆಯನ್ನು ದೇಶಮಟ್ಟದಲ್ಲಿ ಅಳೆಯುವ ಒಂದೇ ಗಜಕಡ್ಡಿ ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ದಾಟಿದರೂ ಇರಲಿಲ್ಲ.

ಗೋಡೆ ಎಣಿಸುವ ತಪಾಸಣೆ

ಕಾಯ್ದೆ ಇದ್ದೂ ಕೈ ಏಕೆ ಪಳಗುತ್ತಿಲ್ಲ?

ಪೇಟೆಯ ಗೆಳೆಯರಿಗೆ ಚೆನ್ನಾಗಿ ಗೊತ್ತು. ತೂಕ-ಅಳತೆ ಇಲಾಖೆಯವರು ಬಂದರೆ ಅಂಗಡಿಯ ಬೋರ್ಡು ನೋಡಿ ಹೋಗುವುದಿಲ್ಲ. ತೂಕದ ಕಲ್ಲನ್ನೇ ಕೈಗೆತ್ತಿಕೊಂಡು ತಮ್ಮ ಕಲ್ಲಿನೊಡನೆ ತೂಗಿ ನೋಡಿ, ಸರಿಯಿದ್ದರೆ ಮುದ್ರೆ ಒತ್ತುತ್ತಾರೆ. ವೈದ್ಯಕೀಯ ಕಾಲೇಜಿಗೆ ಬರುವ ತಪಾಸಣೆಯವರು ದಶಕಗಳ ಕಾಲ ಮುಖ್ಯವಾಗಿ ನೋಡಿದ್ದು ಬೋರ್ಡನ್ನೇ. ಕಟ್ಟಡದ ಚದರಡಿ ಎಷ್ಟು, ಮಂಚ ಎಷ್ಟು, ಹಾಜರಿ ಪುಸ್ತಕದಲ್ಲಿ ಹೆಸರೆಷ್ಟು? ಓದಿ ಹೊರಬಂದ ಹುಡುಗನಿಗೆ ಗಾಯದೊಳಗಿನ ಹುರಿ ಕಡಿದಿದೆಯೋ ಇಲ್ಲವೋ ನೋಡಲು ಬರುತ್ತದೆಯೆ ಎಂದು ಕೇಳಿದವರು ಕಡಿಮೆ.

ಎಣಿಸುವುದು ಮಂಚವನ್ನಾದರೆ ಮಂಚ ತುಂಬಿಸಿದರೆ ಸಾಕು. ಎಣಿಸುವುದು ಹೆಸರನ್ನಾದರೆ ಹೆಸರು ಬರೆದರೆ ಸಾಕು. ಪಾಠ ಹೇಳದೆ ಪುಸ್ತಕದಲ್ಲಿ ಮಾತ್ರ ಇರುವ ಅಧ್ಯಾಪಕರು ಹುಟ್ಟಿದ್ದು ಹೀಗೆ. 2010ರ ಏಪ್ರಿಲಿನಲ್ಲಿ ವೈದ್ಯಕೀಯ ಕೌನ್ಸಿಲಿನ ಅಧ್ಯಕ್ಷರನ್ನೇ ಲಂಚದ ಆರೋಪದ ಮೇಲೆ ಸಿ.ಬಿ.ಐ. ಬಂಧಿಸಿತು. 2016ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕೌನ್ಸಿಲು ತನ್ನ ಕರ್ತವ್ಯದಲ್ಲಿ ಸೋತಿದೆ ಎಂದು ಬರೆಯಿತು. ಹೊಸ ಆಯೋಗ ಬಂದ ಮೇಲಾದರೂ ಮುಗಿಯಿತೆ? 2025ರಲ್ಲಿ ಸಿ.ಬಿ.ಐ. ಮತ್ತೆ ಮೊಕದ್ದಮೆ ದಾಖಲಿಸಿತು. ತಪಾಸಣೆಯ ಗುಟ್ಟನ್ನು ಮೊದಲೇ ಕಾಲೇಜುಗಳಿಗೆ ಮಾರಿದರು, ಇಲ್ಲದ ಅಧ್ಯಾಪಕರನ್ನೂ ಸುಳ್ಳು ರೋಗಿಗಳನ್ನೂ ತೋರಿಸಿದರು ಎಂಬುದು ಅದರ ಆರೋಪ. ನಿಜವಾದ ರೋಗಿಗೆ ಮಂಚ ಸಿಗದ ದೇಶದಲ್ಲಿ ಮಂಚಕ್ಕೆ ಸುಳ್ಳು ರೋಗಿಯನ್ನು ಬಾಡಿಗೆಗೆ ತರುತ್ತಾರೆಂಬ ಆರೋಪ ಬರುವುದೇ ಎಂಥ ಮಾತು!

ನರ್ಸಿಂಗಿನ ಮಾತೂ ಅಷ್ಟೆ. ಕೌನ್ಸಿಲಿನ ನಿಯಮ ಚೆನ್ನಾಗಿದೆ. ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿನಿಗೆ ಮೂವರು ರೋಗಿಗಳು, ಹತ್ತು ವಿದ್ಯಾರ್ಥಿನಿಯರಿಗೆ ಒಬ್ಬ ಬೋಧಕಿ. ನಮ್ಮ ರಾಜ್ಯದಲ್ಲಿ ನರ್ಸಿಂಗ್ ಶಾಲೆ-ಕಾಲೇಜುಗಳು ನೂರಾರು. ಮಾನ್ಯತೆ ಕೊಡುವ ಅಧಿಕಾರ ದಿಲ್ಲಿಯ ಕೌನ್ಸಿಲಿನದೋ ರಾಜ್ಯದ್ದೋ ಎಂಬ ತಕರಾರು 2016-17ರಲ್ಲಿ ಎದ್ದು ಹೈಕೋರ್ಟಿಗೆ ಹೋಯಿತು. ದೊಡ್ಡವರು ಅಧಿಕಾರಕ್ಕಾಗಿ ಜಗ್ಗಾಡುತ್ತಿದ್ದಾಗ, ಸಾಲ ಮಾಡಿ ಫೀ ಕಟ್ಟಿದ ಹುಡುಗಿಯರು ನಮ್ಮ ಸರ್ಟಿಫಿಕೇಟಿಗೆ ಬೆಲೆಯಿದೆಯೋ ಇಲ್ಲವೋ ಎಂದು ಕಂಗಾಲಾದರು. ಮಧ್ಯಪ್ರದೇಶದಲ್ಲಂತೂ ನರ್ಸಿಂಗ್ ಕಾಲೇಜುಗಳನ್ನು ತಪಾಸಿಸಲು ಹೈಕೋರ್ಟು ಸಿ.ಬಿ.ಐ.ಯನ್ನೇ ಕಳಿಸಬೇಕಾಯಿತು. 2024ರ ಮೇ ತಿಂಗಳಲ್ಲಿ ಆ ತಪಾಸಣೆಯವರಲ್ಲೇ ಕೆಲವರನ್ನು ಲಂಚದ ಆರೋಪದ ಮೇಲೆ ಸಿ.ಬಿ.ಐ. ಹಿಡಿಯಬೇಕಾಯಿತು. ಹಳೆಯ ನರ್ಸಿಂಗ್ ಕೌನ್ಸಿಲಿನ ಜಾಗಕ್ಕೆ ಆಯೋಗ ತರುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಒಪ್ಪಿತು. ಹೆಸರು ಬದಲಾಗುವುದರಿಂದಲೇ ಗುಣ ಬದಲಾಗುವುದಾದರೆ ನಮಗೂ ಸಂತೋಷವೇ.

ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಬೇಕು. 2019ರಿಂದ ಎಂ.ಬಿ.ಬಿ.ಎಸ್. ಪಾಠಕ್ರಮ ತಿದ್ದಿದ್ದಾರೆ. ಯಾವ ಕೆಲಸವನ್ನು ಕೈಯಾರೆ ಮಾಡಿ ತೋರಿಸಬೇಕು ಎಂಬ ಪಟ್ಟಿ ಇದೆ. ಮಾಡಿದ್ದನ್ನು ಬರೆದಿಡುವ ಪುಸ್ತಕ ಇದೆ. ಮನುಷ್ಯನ ಮೈಗೆ ಮೊದಲು ಗೊಂಬೆಯ ಮೇಲೆ ಅಭ್ಯಾಸ ಮಾಡುವ ಕೋಣೆ ಇರಬೇಕೆಂದಿದೆ. ರೋಗಿಯೊಡನೆ ಮಾತಾಡುವ ರೀತಿಯೂ ಪಾಠವಾಗಿದೆ. ಓದು ಮುಗಿದ ಮೇಲೆ ಹನ್ನೆರಡು ತಿಂಗಳು ಎಲ್ಲ ವಿಭಾಗಗಳಲ್ಲಿ ಸುತ್ತುವ ಇಂಟರ್ನ್‌ಶಿಪ್ಪಿಗೆ 2021ರಲ್ಲಿ ಹೊಸ ನಿಯಮ ಬಂದಿದೆ. ಉನ್ನತ ವ್ಯಾಸಂಗದವರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದು 2020ರಲ್ಲಿ ವಿಧಿಸಿದ್ದಾರೆ. ಅಧ್ಯಾಪಕರು ಮುಖ ತೋರಿಸಿ ಹಾಜರಿ ಹಾಕಬೇಕೆಂದು 2025ರಲ್ಲಿ ಹೇಳಿದ್ದಾರೆ. ಇವೆಲ್ಲ ಸರಿಯಾದ ದಿಕ್ಕೇ. ಆದರೆ ಹಾಜರಿ ಯಂತ್ರಕ್ಕೆ ಮುಖ ತೋರಿಸಿದ ಡಾಕ್ಟರು ರಾತ್ರಿ ಹನ್ನೊಂದಕ್ಕೆ ಗಾಯದ ಮುಂದೆ ಮುಖ ತೋರಿಸುತ್ತಾರೆಯೆ? ಯಂತ್ರ ಅದನ್ನು ಹೇಳದು. ಮಂಚದ ಮೇಲಿನ ರೋಗಿ ಹೇಳಬಲ್ಲ. ಅವನನ್ನು ಯಾರೂ ಕೇಳುವುದಿಲ್ಲ.

ನಿದ್ದೆಯಿಲ್ಲದ ಕೈ

ಪಾಳಿಯ ಲೆಕ್ಕ ನಮಗಿಂತ ಚೆನ್ನಾಗಿ ಬಲ್ಲವರಾರು? ವಾರಕ್ಕೆ 48 ಗಂಟೆ ಎಂಬ ಮಾತನ್ನು 1948ರ ಕಾರ್ಖಾನೆ ಕಾಯ್ದೆಯಲ್ಲಿ ಬರೆಸಲು ನಮ್ಮ ಹಿರಿಯರು ಎಷ್ಟು ಮುಷ್ಕರ ಹೂಡಿದರು, ಎಷ್ಟು ಲಾಠಿ ತಿಂದರು! ದಣಿದ ಕೈ ಯಂತ್ರಕ್ಕೆ ಸಿಗುತ್ತದೆ ಎಂಬುದು ನಮ್ಮ ಅನುಭವದ ಮಾತು. ದಣಿದ ಡಾಕ್ಟರ ಕೈಗೆ ರೋಗಿ ಸಿಗುತ್ತಾನೆ.

1984ರ ಮಾರ್ಚಿನಲ್ಲಿ ನ್ಯೂಯಾರ್ಕ್ ನಗರದ ಒಂದು ದೊಡ್ಡ ಆಸ್ಪತ್ರೆಗೆ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಜ್ವರವೆಂದು ರಾತ್ರಿ ಸೇರಿದಳು. ನೋಡಿಕೊಂಡವರು ತರಬೇತಿಯಲ್ಲಿದ್ದ ಎಳೆಯ ಡಾಕ್ಟರುಗಳು, ಬಹಳ ಹೊತ್ತಿನಿಂದ ಡ್ಯೂಟಿಯಲ್ಲಿದ್ದವರು. ಹಿರಿಯರು ಫೋನಿನ ಆಚೆ ಇದ್ದರು. ಬೆಳಗಾಗುವುದರೊಳಗೆ ಹುಡುಗಿ ತೀರಿಕೊಂಡಳು. ಅವಳ ತಂದೆ ಪತ್ರಕರ್ತರು, ಬಿಡಲಿಲ್ಲ. ವಿಚಾರಣೆ ಮಾಡಿದ ಗ್ರಾಂಡ್ ಜೂರಿ ಆ ಎಳೆಯರ ಮೇಲೆ ಕ್ರಿಮಿನಲ್ ದೋಷಾರೋಪಣೆ ಹೊರಿಸಲಿಲ್ಲ. ಅವರನ್ನು ಹಾಗೆ ಬಿಟ್ಟ ವ್ಯವಸ್ಥೆಯನ್ನೇ ಖಂಡಿಸಿತು. ಪರಿಣಾಮವಾಗಿ 1989ರಲ್ಲಿ ನ್ಯೂಯಾರ್ಕ್ ಸಂಸ್ಥಾನ ನಿಯಮ ಮಾಡಿತು: ತರಬೇತಿಯ ಡಾಕ್ಟರಿಗೆ ವಾರಕ್ಕೆ 80 ಗಂಟೆಗಿಂತ ಹೆಚ್ಚಿಲ್ಲ, ಒಂದೇ ಸಮನೆ 24 ಗಂಟೆಗಿಂತ ಹೆಚ್ಚಿಲ್ಲ, ಹಿರಿಯ ಡಾಕ್ಟರ ಮೇಲ್ವಿಚಾರಣೆ ಇರಲೇಬೇಕು. 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಆ ದೇಶಕ್ಕೆಲ್ಲ ಬಂತು. ನಮ್ಮ ಕಣ್ಣಿಗೆ 80 ಗಂಟೆಯೂ ಘೋರವೇ. ಆದರೆ ಅಂಕಿಯೊಂದು ಇದೆಯಲ್ಲ, ಮೀರಿದರೆ ತೋರಿಸಲು!

ನಮ್ಮಲ್ಲಿ? 1992ರಲ್ಲಿ ಕೇಂದ್ರ ಸರಕಾರ ರೆಸಿಡೆಂಟ್ ಡಾಕ್ಟರುಗಳಿಗೆ ದಿನಕ್ಕೆ ಸಾಮಾನ್ಯವಾಗಿ 12 ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳಿತ್ತು. ಎಷ್ಟು ಆಸ್ಪತ್ರೆಯಲ್ಲಿ ನಡೆಯಿತು? ಆಯೋಗದ 2023ರ ನಿಯಮದಲ್ಲಿ ಅಂಕಿಯೇ ಇಲ್ಲ. "ಸಮಂಜಸ" ಗಂಟೆ ಕೆಲಸ, "ಸಮಂಜಸ" ವಿಶ್ರಾಂತಿ ಎಂದು ಬರೆದಿದೆ. ಸಂಗಾತಿಗಳೆ, ಸಮಂಜಸ ಎಂಬ ಮಾತನ್ನು ಮಾಲೀಕನ ಬಾಯಲ್ಲಿ ನಾವು ಕೇಳಿದ್ದೇವೆ. ಅದರ ಅರ್ಥ ಅವನಿಗೆ ಬೇಕಾದಷ್ಟು ಎಂದು. ವಾರಕ್ಕೆ 74 ಗಂಟೆ ಮೀರಬಾರದೆಂದು ಆಯೋಗವೇ ಕೂಡಿಸಿದ ಕಾರ್ಯಪಡೆ 2024ರಲ್ಲಿ ಸಲಹೆ ಮಾಡಿತು. ಅದೇ ವರ್ಷದ ಆಗಸ್ಟಿನಲ್ಲಿ ಕಲ್ಕತ್ತೆಯ ಸರಕಾರಿ ಆಸ್ಪತ್ರೆಯೊಂದರಲ್ಲಿ ದೀರ್ಘ ಪಾಳಿಯ ನಡುವೆ ಪಾಠದ ಕೋಣೆಯೊಂದರಲ್ಲಿ ಕಣ್ಣು ಮುಚ್ಚಿದ್ದ ತರಬೇತಿಯ ಡಾಕ್ಟರ್ ಹೆಣ್ಣುಮಗಳನ್ನು ಅತ್ಯಾಚಾರ ಮಾಡಿ ಕೊಂದರು. ದೇಶವೆಲ್ಲ ಬೀದಿಗಿಳಿಯಿತು. ದುಡಿಸಿಕೊಳ್ಳಲು ರಾತ್ರಿಯೆಲ್ಲ ಬೇಕು, ಮಲಗಲು ಚಿಲಕವಿರುವ ಒಂದು ಕೋಣೆ ಇಲ್ಲ. ಇದು ಬರೀ ಡಾಕ್ಟರುಗಳ ಕಷ್ಟವೆ? ಇದು ಕೂಲಿಯ ಪ್ರಶ್ನೆ, ನಮ್ಮ ಪ್ರಶ್ನೆ.

ಕೂಲಿಯ ಮಾತು ಬಂತು. ಇಂಟರ್ನಿಗೆ ಕೊಡುವ ಸ್ಟೈಪೆಂಡನ್ನೂ ಕೆಲವು ಕಾಲೇಜುಗಳು ಕೊಡದೆ ಉಳಿಸಿಕೊಳ್ಳುತ್ತವೆ. 2023ರಲ್ಲಿ ಇಂಥದೊಂದು ಮೊಕದ್ದಮೆಯಲ್ಲಿ ತಿಂಗಳಿಗೆ 25,000 ರೂಪಾಯಿ ಕೊಡಿರೆಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕಲಿಕೆಯೆಂದು ಫೀ ಕೀಳುವುದು, ಕೆಲಸವೆಂದು ದುಡಿಸುವುದು, ಕೂಲಿ ಕೇಳಿದರೆ "ನೀನು ವಿದ್ಯಾರ್ಥಿ" ಎನ್ನುವುದು! ಬದಲಿ ಕೆಲಸಗಾರನಿಗೆ ಹೇಳುವ ಮಾತಿಗೂ ಇದಕ್ಕೂ ಏನು ಭೇದ?

ಸಾರ್ವಜನಿಕರ ಮಂಚ, ಖಾಸಗಿಯವರ ಫೀ

ಖಾಸಗಿ ಕಾಲೇಜಿಗೆ ಆಸ್ಪತ್ರೆ ಎಲ್ಲಿಂದ ಬರುತ್ತದೆ? ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು 1953ರಲ್ಲಿ ಪ್ರಾರಂಭವಾದಾಗ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲಿ. ದಾವಣಗೆರೆಯಲ್ಲಿ 1965ರಲ್ಲಿ ಖಾಸಗಿ ಕಾಲೇಜು ಬಂದಾಗ ಅದಕ್ಕೂ ಆಸರೆಯಾದದ್ದು ಸರಕಾರದ ಚಿಗಟೇರಿ ಆಸ್ಪತ್ರೆ. ಇದರಿಂದ ಬಡವರಿಗೆ ತಜ್ಞರ ಆರೈಕೆ ಸಿಕ್ಕಿದ್ದುಂಟು. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ವ್ಯಾಪಾರಿಗಳಾದ ನೀವು ಲೆಕ್ಕ ಹಾಕಿ. ಮಂಚ ಸಾರ್ವಜನಿಕರದು, ರೋಗಿ ಬಡವ, ಫೀ ಖಾಸಗಿಯವರದು. ಈ ಖಾತೆಯಲ್ಲಿ ಜನರ ಕಡೆಗೆ ಜಮಾ ಏನು? ಆ ಒಪ್ಪಂದದ ಕಾಗದವನ್ನು ಊರಿನ ಯಾರಾದರೂ ಓದಿದ್ದೀರಾ?

2020ರಲ್ಲಿ ನೀತಿ ಆಯೋಗ ಜಿಲ್ಲಾ ಆಸ್ಪತ್ರೆಗಳನ್ನೇ ಖಾಸಗಿ ಕಾಲೇಜುಗಳಿಗೆ ಜೋಡಿಸುವ ಕರಡು ಯೋಜನೆ ಮುಂದಿಟ್ಟಿತು. ಅದರಲ್ಲಿ ಮಂಚಗಳನ್ನು ಎರಡು ಜಾತಿ ಮಾಡಿದ್ದರು. ಕೆಲವು ದರ ಕಟ್ಟಿದ ಮಂಚ, ಮಿಕ್ಕವು ಮಾರುಕಟ್ಟೆಯ ಮಂಚ. 2025ರಲ್ಲಿ ವಿಜಯಪುರದ ಜನ ಖಾಸಗಿ ಪಾಲುದಾರಿಕೆ ಬೇಡ, ಸರಕಾರಿ ವೈದ್ಯಕೀಯ ಕಾಲೇಜೇ ಬೇಕೆಂದು ಧರಣಿ ಕೂತರು. ಆ ಜನಕ್ಕೆ ನಮ್ಮ ನಮಸ್ಕಾರ.

ನಮ್ಮದೇ ದುಡ್ಡಿನ ಕಾಲೇಜುಗಳೂ ಇವೆ. ನಮ್ಮ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ ಇ.ಎಸ್.ಐ.ಗೆ ಹೋಗುತ್ತದೆ. ಆ ಇ.ಎಸ್.ಐ. ಬೆಂಗಳೂರಿನ ರಾಜಾಜಿನಗರದಲ್ಲೂ ಕಲಬುರಗಿಯಲ್ಲೂ ವೈದ್ಯಕೀಯ ಕಾಲೇಜು ನಡೆಸುತ್ತಿದೆ. ವಿಮಾದಾರ ಕಾರ್ಮಿಕರ ಮಕ್ಕಳಿಗೆ ಅಲ್ಲಿ ಸೀಟಿನ ಪಾಲಿದೆ. 2015ರಲ್ಲಿ ಇ.ಎಸ್.ಐ. ಕಾರ್ಪೊರೇಷನ್ನು ಈ ಕೆಲಸವನ್ನೇ ಕೈಬಿಡಲು ಹೊರಟಾಗ ವಿದ್ಯಾರ್ಥಿಗಳು ಬೀದಿಗಿಳಿದರು. ಕಾಲೇಜುಗಳು ಉಳಿದವು. ಕಾರ್ಮಿಕನ ಮಂಚ, ಕಾರ್ಮಿಕನ ದುಡ್ಡು, ಕಾರ್ಮಿಕನ ಮಗಳ ಕೈಗೆ ಸ್ಟೆಥಾಸ್ಕೋಪು: ಮಟ್ಟವೂ ಇದ್ದು ಬಡವನಿಗೆ ಬಾಗಿಲೂ ತೆರೆದಿರುವ ದಾರಿ ಇದು. ಇದನ್ನು ಬೆಳೆಸಬೇಕು.

ಕೇಳಿ ಮುಟ್ಟಿ

ಇನ್ನು ಮಾನದ ಮಾತು. ವಾರ್ಡಿನಲ್ಲಿ ಹತ್ತು ಮಂದಿ ವಿದ್ಯಾರ್ಥಿಗಳು ಒಬ್ಬ ತಾಯಿಯ ಮಂಚ ಸುತ್ತಿ, ಇಂಗ್ಲಿಷಿನಲ್ಲಿ ಮಾತಾಡಿ, ಸೆರಗು ಸರಿಸಿ, ಮುಟ್ಟಿ ನೋಡಿ ಹೋಗುತ್ತಾರೆ. ಅವಳನ್ನು ಒಂದು ಮಾತು ಕೇಳಿರುವುದಿಲ್ಲ. ರೋಗಿಯ ಒಪ್ಪಿಗೆ ಎಂದರೆ ಏನು ಮಾಡುತ್ತೇವೆಂದು ತಿಳಿಸಿ ಪಡೆದ ಒಪ್ಪಿಗೆಯೇ ಹೊರತು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಲ್ಲ ಎಂದು ಸುಪ್ರೀಂ ಕೋರ್ಟು 2008ರಲ್ಲೇ ಸ್ಪಷ್ಟಪಡಿಸಿದೆ. "ಅಮ್ಮ, ನಾನು ಕಲಿಯುತ್ತಿರುವವಳು. ನಮ್ಮ ಡಾಕ್ಟರು ಇಲ್ಲೇ ಇದ್ದಾರೆ. ನೋಡಬಹುದಾ?" ಎಂದು ಕೇಳಲು ಎಷ್ಟು ಹೊತ್ತು ಬೇಕು? ಕೇಳಿದರೆ ನಮ್ಮ ಜನ ಇಲ್ಲವೆನ್ನುವವರಲ್ಲ. "ಕಲೀ ಮಗಳೆ" ಎಂದೇ ಹೇಳುತ್ತಾರೆ.

ನಾವು ಕೇಳುವುದೇನು?

ದಿಲ್ಲಿಯ ವೈದ್ಯಕೀಯ ಆಯೋಗದಲ್ಲಿ 33 ಮಂದಿ. ಅವರಲ್ಲಿ ಹೆಚ್ಚಿನವರು ಡಾಕ್ಟರುಗಳು. ಹೊರಗಿನವರೆಂದು ಮೂವರಿಗೆ ಜಾಗವಿದೆ. ಕಾನೂನು, ಅರ್ಥಶಾಸ್ತ್ರ, ಆಡಳಿತ ಮೊದಲಾದ ಪಟ್ಟಿಯ ನಡುವೆ ರೋಗಿಗಳ ಹಕ್ಕು ಎಂಬುದೂ ಒಂದು. ಪಾಠಶಾಲೆಗೆ ಮೈ ಕೊಟ್ಟವರಿಗೆ ಇಷ್ಟೇ ಪಾಲು! ದಿಲ್ಲಿ ದೂರ ನಿಜ. ಆದರೆ ನಮ್ಮ ಆಸ್ಪತ್ರೆ ದೂರವಿಲ್ಲ. ಅಲ್ಲಿಂದಲೇ ಪ್ರಾರಂಭಿಸೋಣ.

ಒಂದು, ರಾತ್ರಿ ಪಾಳಿಯಲ್ಲಿ ಹೌಸ್‌ಸರ್ಜನ್ನನ ಜೊತೆ ಅರ್ಹ ಹಿರಿಯ ಡಾಕ್ಟರು ಆಸ್ಪತ್ರೆಯೊಳಗೇ ಇರಬೇಕು. ಅವರ ಹೆಸರು ಪ್ರತಿ ಸಂಜೆ ಬಾಗಿಲ ಬೋರ್ಡಿನ ಮೇಲೆ ಕನ್ನಡದಲ್ಲಿ ಇರಬೇಕು.

ಎರಡು, ಕಲಿಯುವವರ ಎದೆಯ ಮೇಲೆ ಹೆಸರಿನ ಜೊತೆ "ಕಲಿಯುತ್ತಿರುವವರು" ಎಂದು ಕನ್ನಡದಲ್ಲಿ ಬರೆದ ಬಿಲ್ಲೆ ಇರಬೇಕು. ಕೇಳದೆ ಮುಟ್ಟಬಾರದು.

ಮೂರು, ಡ್ಯೂಟಿಯ ಗಂಟೆಗೆ ಅಂಕಿ ಕಟ್ಟಬೇಕು. ಮಿಲ್ಲಿನಲ್ಲಿ ಪಾಳಿಯ ನೋಟೀಸು ಗೋಡೆಗೆ ಅಂಟಿಸುವಂತೆ ಡಾಕ್ಟರುಗಳ, ನರ್ಸಿಂಗ್ ವಿದ್ಯಾರ್ಥಿನಿಯರ ಪಾಳಿಯನ್ನೂ ಅಂಟಿಸಬೇಕು. ಮಲಗಲು ಚಿಲಕವಿರುವ ಕೋಣೆ ಬೇಕು.

ನಾಲ್ಕು, ತಪಾಸಣೆ ಹೇಳದೆ ಬರಬೇಕು. ಗೋಡೆಯ ಬದಲು ಕೈ ನೋಡಬೇಕು, ರೋಗಿಯನ್ನೂ ಮಾತಾಡಿಸಬೇಕು. ವರದಿಯನ್ನು ಆಸ್ಪತ್ರೆಯ ಗೋಡೆಗೆ ಕನ್ನಡದಲ್ಲಿ ಹಚ್ಚಬೇಕು.

ಐದು, ಸರಕಾರಿ ಮಂಚ ಬಳಸುವ ಖಾಸಗಿ ಕಾಲೇಜಿನ ಒಪ್ಪಂದ ಬಹಿರಂಗವಾಗಬೇಕು. ಅದಕ್ಕೆ ಪ್ರತಿಯಾಗಿ ಎಷ್ಟು ಬಡಮಕ್ಕಳಿಗೆ ಸೀಟು, ರಾತ್ರಿ ಎಷ್ಟು ಮಂದಿ ಅಧ್ಯಾಪಕರು ಎಂಬುದು ಅದರಲ್ಲೇ ಬರೆದಿರಬೇಕು.

ಇದಕ್ಕೆಲ್ಲ ಕ್ರಾಂತಿಯಾಗುವ ವರೆಗೆ ಕಾಯಬೇಕಾಗಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಅದರಲ್ಲಿ ಯಾರಿದ್ದಾರೆ, ಕೊನೆಯ ಸಭೆ ಎಂದು ಸೇರಿತು ಎಂದು ನಾಳೆಯೇ ಹೋಗಿ ಕೇಳೋಣ. 2005ರ ಮಾಹಿತಿ ಹಕ್ಕಿನ ಕಾಯ್ದೆಯಿದೆ. ಹತ್ತು ರೂಪಾಯಿಯ ಅರ್ಜಿ ಹಾಕಿ ಒಪ್ಪಂದದ ನಕಲು ಕೇಳೋಣ. ಯೂನಿಯನ್ನಿನಿಂದ ಇಬ್ಬರು, ವರ್ತಕರಿಂದ ಇಬ್ಬರು, ಅವರಲ್ಲಿ ಒಬ್ಬಳಾದರೂ ಹೆಣ್ಣುಮಗಳು ಇರಲಿ. ಮುಖ್ಯವಾಗಿ, ಹೌಸ್‌ಸರ್ಜನ್ನರೂ ನರ್ಸಿಂಗ್ ವಿದ್ಯಾರ್ಥಿನಿಯರೂ ತಮ್ಮ ಗಂಟೆಗಾಗಿ, ಸ್ಟೈಪೆಂಡಿಗಾಗಿ ಧರಣಿ ಕೂತ ದಿನ ನಾವು ಹೋಗಿ ಅವರ ಪಕ್ಕದಲ್ಲಿ ಕೂರೋಣ. "ಡಾಕ್ಟರು ಮುಷ್ಕರ ಮಾಡುತ್ತಾರೆ, ರೋಗಿಗಳು ಸಾಯುತ್ತಾರೆ" ಎಂದು ಮಂತ್ರಿಗಳು ನಮ್ಮನ್ನೂ ಅವರನ್ನೂ ಎತ್ತಿಕಟ್ಟಲು ಬಿಡಬಾರದು. ನಿದ್ದೆಗೆಟ್ಟ ಕೈಯೂ ಸೀಳಿದ ಕೈಯೂ ಒಂದೇ ವ್ಯವಸ್ಥೆಗೆ ಬಲಿಯಾದವು.

ಕೊನೆಯದಾಗಿ ಒಂದು ಮಾತು. ಮೊದಲು ಹೇಳಿದ ಸಂಗಾತಿಯ ಮಗಳು ಈಗ ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಗೇಟಿನ ಹತ್ತಿರ ಅವನು ಹೇಳಿದ: "ನನ್ನ ಮಗಳಿಗೆ ರಾತ್ರಿ ವಾರ್ಡಿನಲ್ಲಿ ಮೂವತ್ತು ಮಂಚ ಒಪ್ಪಿಸಿ ಹೋಗ್ತಾರಂತೆ. ಹೆದರಿಕೆ ಆಗ್ತದೆ ಅಪ್ಪ ಅಂತಾಳೆ. ನಾನೇನು ಹೇಳಲಿ?" ತಂದೆಯ ಬೆರಳು ಹೋದದ್ದು ಯಾವ ಒಂಟಿತನದಿಂದಲೋ ಅದೇ ಒಂಟಿತನದಲ್ಲಿ ಇಂದು ಮಗಳು ನಿಂತಿದ್ದಾಳೆ. ಮಂಚದ ಮೇಲಿರುವವರೂ ನಮ್ಮವರೇ, ಮಂಚದ ಪಕ್ಕ ನಡುಗುತ್ತ ನಿಂತವರೂ ನಮ್ಮವರೇ.

ಅವನಿಗೆ ಅಂದು ನಾವು ಉತ್ತರ ಕೊಡಲಿಲ್ಲ. ಈ ಸಭೆಯಿಂದ ಎದ್ದು ಹೋಗುವಾಗ ನಾವೆಲ್ಲ ಕೂಡಿ ಆ ಉತ್ತರವನ್ನು ಹೊತ್ತುಕೊಂಡು ಹೋಗಬೇಕು. ಬರುವ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲಿ ಸೇರೋಣ. ಮೊದಲ ಪಾಳಿಯವರು ಬಿಡುವು ಕೇಳಿ ಬನ್ನಿ, ಅಂಗಡಿಯವರು ಒಂದು ಗಂಟೆ ಬಾಗಿಲು ಎಳೆದು ಬನ್ನಿ. ಗದ್ದಲಕ್ಕಲ್ಲ. ರಾತ್ರಿ ಯಾರಿರುತ್ತಾರೆ ಎಂಬ ಒಂದೇ ಒಂದು ಪ್ರಶ್ನೆ ಕೇಳುವುದಕ್ಕೆ.